ಸಭೆಯ ಕಾರ್ಯದರ್ಶಿ ಆಗಿಬಿಟ್ಟೆ, ಆಡಳಿತ ಎಲ್ಲಿ ಕಲಿಯಲಿ?

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ಧಾರವಾಡದ ಕಡೆಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಅಂದರೆ ಆ ಚರ್ಚಿಗೆ ಸೇರಿದವಳು. ನಮ್ಮಲ್ಲಿ ಸುಮಾರು 140 ಕುಟುಂಬಗಳಿವೆ. ಈ ಸಲ ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಗೆ ಆಯ್ಕೆಯಾದೆ, ಬೇರೆ ಯಾರೂ ಒಪ್ಪಲಿಲ್ಲ ಅಂತ ಕಾರ್ಯದರ್ಶಿಯೂ ಆಗಿಬಿಟ್ಟೆ. ಹಿಂದಿನವರು ಬಹಳ ವರ್ಷ ಇದ್ದವರು. ಎರಡು ಟ್ರಂಕ್ ತುಂಬ ಕಾಗದ ಕೊಟ್ಟು ಕೈ ತೊಳೆದುಕೊಂಡರು. ಚರ್ಚ್ ಆಡಳಿತ, ನಾಯಕತ್ವ ಕಲಿಸುವ ಕೋರ್ಸ್ ಇದೆಯೇ? ಕಮಿಟಿಯ ಹಿರಿಯರು ನನ್ನ ಮಾತಿಗೆ ಕಿವಿಗೊಡಬೇಕಾದರೆ ಏನು ಮಾಡಬೇಕು?

ಉತ್ತರ: ಸಹೋದರಿ, ವಂದನೆ.

ಕೋರ್ಸ್ ವಿಷಯ ಮೊದಲು ಮುಗಿಸಿಬಿಡೋಣ. ಇವೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಿಂದ ಇದೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಿದೆ. ಎರಡೂ ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರ ಸೆನೆಟ್ಟಿಗೆ ಸೇರಿದವು. ಅಲ್ಲಿ ಬಿ.ಡಿ. (ದೇವಶಾಸ್ತ್ರದ ಪದವಿ) ಓದುವವರಲ್ಲಿ ಹೆಚ್ಚಿನವರು ಮುಂದೆ ಅಯ್ಯನವರು, ಅಂದರೆ ಪಾಸ್ಟರ್, ಆಗುವವರು. ನಿಮ್ಮಂತೆ ಕೆಲಸದಲ್ಲಿರುವವರಿಗೆ, ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಬಿ.ಸಿ.ಎಸ್. (ಬ್ಯಾಚುಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್) ಪದವಿಯನ್ನೂ ಅದೇ ಸೆನೆಟ್ ನಡೆಸುತ್ತದೆ. ಓದಿದರೆ ಒಳ್ಳೆಯದೇ. ಆದರೆ ನಾನು ಸಭೆಗಳ ಲೆಕ್ಕ ತಪಾಸಣೆ ಮಾಡುವವನು, ಕಮಿಟಿ ಜಗಳಗಳ ನಡುವೆ ಕೂತು ಅಭ್ಯಾಸವಾದವನು. ಸಿದ್ಧಾಂತದ ಮೇಲೆ ಒಡೆದ ಸಭೆ ನಾನು ನೋಡಿದ್ದು ಕಡಿಮೆ. ಲೆಕ್ಕ ಕೇಳಿದ್ದಕ್ಕೆ, ಇಲ್ಲವೇ ಯಾವುದೋ ಮೀಟಿಂಗಿನಲ್ಲಿ ಏನು ತೀರ್ಮಾನ ಆಗಿತ್ತು ಅನ್ನೋದಕ್ಕೆ ಒಡೆದಿದ್ದೇ ಜಾಸ್ತಿ. ಹಾಗಾಗಿ ನಾಯಕತ್ವದ ಸೆಮಿನಾರು ಆಮೇಲೆ ಇರಲಿ, ಮೊದಲು ಆ ಟ್ರಂಕ್ ತೆಗೆಯಿರಿ.

ಅದರಲ್ಲಿ ಮೊದಲು ಹುಡುಕಬೇಕಾದದ್ದು ನಿಮ್ಮ ಡಯಾಸಿಸ್‌ನ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಸಭೆಗಳ ಪ್ರಾಂತದ) ನಿಯಮಾವಳಿ. ಸಿಗದಿದ್ದರೆ ಅಯ್ಯನವರ ಹತ್ತಿರ ಕೇಳಿ, ಇಲ್ಲವೇ ಡಯಾಸಿಸ್ ಆಫೀಸಿನಿಂದ ತರಿಸಿ. ಹತ್ತಾರು ವರ್ಷ ಕಮಿಟಿಯಲ್ಲಿದ್ದವರೂ ಅದನ್ನು ಒಂದು ಸಲ ಓದಿರುವುದಿಲ್ಲ, ಇದು ನಿಮ್ಮೂರಿನ ಕಥೆ ಮಾತ್ರ ಅಲ್ಲ ಬಿಡಿ. ಮೀಟಿಂಗಿಗೆ ಕೋರಂ (ಕನಿಷ್ಠ ಹಾಜರಾತಿ) ಎಷ್ಟು, ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು, ಕಮಿಟಿ ತಾನೇ ಎಷ್ಟು ಹಣದವರೆಗೆ ಖರ್ಚು ಮಾಡಬಹುದು, ಅದಕ್ಕಿಂತ ಜಾಸ್ತಿ ಆದರೆ ಯಾರ ಒಪ್ಪಿಗೆ ಬೇಕು, ಮತದಾರರ ಪಟ್ಟಿಯಲ್ಲಿ ಹೆಸರು ಇರಬೇಕಾದರೆ ಏನೇನು ಆಗಿರಬೇಕು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಕೈಯಾರೆ ಬರೆದಿಟ್ಟುಕೊಳ್ಳಿ. ಡಯಾಸಿಸ್‌ನಿಂದ ಡಯಾಸಿಸ್‌ಗೆ ಇವು ಬೇರೆ ಇರುತ್ತವೆ. ಬೆಂಗಳೂರಿನ ನೆಂಟರು "ನಮ್ಮಲ್ಲಿ ಹೀಗೆ" ಅಂದರೆ ಕೇಳಿಸಿಕೊಳ್ಳಿ, ಆದರೆ ನಿಮ್ಮ ಪುಸ್ತಕ ನೋಡದೆ ಒಪ್ಪಬೇಡಿ.

ನಿಯಮಾವಳಿ ಓದುವಾಗ ಒಂದು ವಿಷಯ ವಿಚಿತ್ರ ಅನ್ನಿಸಬಹುದು. ಒಂದು ಕಡೆ ಬಿಷಪರಿಗೆ ಅಧಿಕಾರ, ಇನ್ನೊಂದು ಕಡೆ ಕಮಿಟಿಗೆ ಅಧಿಕಾರ, ಮತ್ತೊಂದು ಕಡೆ ಇಡೀ ಸಭೆ ಸೇರಿ ಒಪ್ಪಬೇಕು. ಹಾಗಾದರೆ ಯಾರು ದೊಡ್ಡವರು? ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸಿ.ಎಸ್.ಐ. ಹುಟ್ಟಿದಾಗ ಬಿಷಪರಿದ್ದ ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತು ಸೌತ್ ಇಂಡಿಯಾ ಯುನೈಟೆಡ್ ಚರ್ಚಿನವರು ಒಟ್ಟಾದರು. ಆ ಯುನೈಟೆಡ್ ಚರ್ಚಿನ ಒಳಗೇ ಹಿರಿಯರ ಮಂಡಳಿಯಿಂದ ನಡೆಯುತ್ತಿದ್ದ ಪ್ರೆಸ್ಬಿಟೇರಿಯನ್ನರೂ ಇದ್ದರು, ಸಭೆಯ ಎಲ್ಲರೂ ಕೂತು ತೀರ್ಮಾನ ಮಾಡುತ್ತಿದ್ದ ಕಾಂಗ್ರಿಗೇಷನಲ್ ಪರಂಪರೆಯವರೂ ಇದ್ದರು. ನಿಮ್ಮ ಕಡೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಟ್ಟಿದ ಸಭೆಗಳು ಆಮೇಲೆ ಬಂದು ಸೇರಿದವು. ಯಾರೂ ತಮ್ಮದನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಅದಕ್ಕೇ ಒಬ್ಬರ ಕೈಯಲ್ಲೇ ಎಲ್ಲ ಇರದ ಹಾಗೆ ವ್ಯವಸ್ಥೆ ಆಯಿತು. ಬಿಷಪರೂ ನಿಯಮಾವಳಿಗೆ ಒಳಪಟ್ಟವರೇ. ನಿಮ್ಮ ಕಮಿಟಿಯಲ್ಲಿ ಯಾರಾದರೂ "ನಾನು ಹೇಳಿದ ಮೇಲೆ ಮುಗೀತು" ಅಂದರೆ, ಅವರು ಅಯ್ಯನವರಿರಲಿ ಹಳೇ ಖಜಾಂಚಿ ಇರಲಿ, ಆ ಮಾತಿಗೆ ನಿಯಮಾವಳಿಯಲ್ಲಿ ಜಾಗ ಇಲ್ಲ.

ಟ್ರಂಕಿನಲ್ಲಿ ಆಮೇಲೆ ಸಿಗುವುದು ರಿಜಿಸ್ಟರುಗಳು. ದೀಕ್ಷಾಸ್ನಾನ, ದೃಢೀಕರಣ, ಮದುವೆ, ಸಮಾಧಿ. ಇವು ಸುಮ್ನೆ ಹಳೇ ಪುಸ್ತಕ ಅಂದುಕೊಳ್ಳಬೇಡಿ. ಹುಟ್ಟಿದ ತಾರೀಖಿಗೆ ಬೇರೆ ದಾಖಲೆ ಇಲ್ಲದ ಅಜ್ಜ ಅಜ್ಜಿಯರಿಗೆ ಎಷ್ಟೋ ಸಲ ದೀಕ್ಷಾಸ್ನಾನದ ರಿಜಿಸ್ಟರೇ ಆಧಾರ. ಮದುವೆಯದ್ದಂತೂ ಕಾನೂನಿನ ದಾಖಲೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ರಿಜಿಸ್ಟರಿನಲ್ಲಿ ಸಹಿ ಆಗಬೇಕು, ಸಾಕ್ಷಿಗಳಿರಬೇಕು, ನಕಲು ಸರ್ಕಾರದ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಮದುವೆ ನಡೆಯುವ ಹೊತ್ತು ಕೂಡ ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ಅಂತ ಅದರಲ್ಲಿದೆ, ವಿಶೇಷ ಅನುಮತಿ ಇದ್ದರೆ ಮಾತ್ರ ಬೇರೆ. ಮದುವೆ ಮಾಡಿಸುವವರು ಅಯ್ಯನವರು, ಆದರೆ ನಕಲು ಹೋಯಿತೋ ಇಲ್ಲವೋ ಅಂತ ನೋಡುವ ಅಭ್ಯಾಸ ಕಾರ್ಯದರ್ಶಿಗೂ ಇರಲಿ. ವೀಸಾಕ್ಕೆ ಅಂತ ಹುಡುಗ ಹುಡುಗಿ ಓಡಿಬಂದಾಗ ನಕಲು ಹೋಗಿಲ್ಲ ಅಂತ ಗೊತ್ತಾದರೆ ಅವರ ಗೋಳು ಕೇಳೋರಿಲ್ಲ. ರಿಜಿಸ್ಟರುಗಳ ಫೋಟೋ ತೆಗೆದು ಎರಡು ಕಡೆ ಇಡಿ, ಮೂಲ ಪುಸ್ತಕಗಳನ್ನು ವೆಸ್ಟ್ರಿಯ (ಚರ್ಚಿನ ಪಕ್ಕದ ಕೋಣೆಯ) ಬೀರುವಿನಲ್ಲಿ ಬೀಗ ಹಾಕಿ. ಯಾರ ಮನೆಗೂ ಕಳಿಸಬೇಡಿ, ನಿಮ್ಮ ಮನೆಗೂ ಬೇಡ.

ಬರೆದಿಡುವ ವಿಷಯದಲ್ಲಿ ಬಾಸೆಲ್ ಮಿಷನ್ನಿನವರನ್ನು ಮೆಚ್ಚಲೇಬೇಕು. 1834ರಲ್ಲಿ ಮಂಗಳೂರಿಗೆ ಬಂದರು, ಮೂರು ವರ್ಷದ ನಂತರ ಧಾರವಾಡಕ್ಕೆ. ಇಲ್ಲಿನ ಪ್ರತಿ ಕೆಲಸದ ವರದಿಯನ್ನು ಸ್ವಿಟ್ಜರ್ಲೆಂಡಿಗೆ ಬರೆದು ಕಳಿಸಲೇಬೇಕಿತ್ತು. ಆ ಕಾಗದಗಳು ಬಾಸೆಲ್ ಊರಿನ ದಾಖಲೆ ಭಂಡಾರದಲ್ಲಿ ಇವತ್ತಿಗೂ ಇವೆ. ಅವರ ಕಾಲದ ಕಟ್ಟುನಿಟ್ಟು ಎಲ್ಲವೂ ನನಗೆ ಒಪ್ಪಿಗೆ ಅಂತಲ್ಲ. ಆದರೆ ಆಗಿನ ಸಭೆಯ ಬಗ್ಗೆ ಸಿಗುವಷ್ಟು ವಿವರ, ಹತ್ತು ವರ್ಷದ ಹಿಂದಿನ ನಮ್ಮ ಕಮಿಟಿಗಳ ಬಗ್ಗೆ ಸಿಗುವುದಿಲ್ಲ. ಏನು ಹೇಳೋದು!

ಈಗ ಮಿನಿಟ್ಸ್. ನಾನು ನೋಡುವ ಮಿನಿಟ್ಸ್ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಹೀಗಿರುತ್ತವೆ: "ಕಾಂಪೌಂಡ್ ಗೋಡೆಯ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು. ಪ್ರಾರ್ಥನೆಯೊಂದಿಗೆ ಸಭೆ ಮುಕ್ತಾಯವಾಯಿತು." ಸರಿ, ಗೋಡೆ ಏನಾಯ್ತು? ಯಾರಿಗೂ ಗೊತ್ತಿಲ್ಲ. ಮುಂದಿನ ತಿಂಗಳು ಅದೇ ಗೋಡೆ, ಅದೇ ಜಗಳ. ನೀವು ಬರೆಯುವಾಗ ಹೀಗೆ ಬರೆಯಿರಿ: "ಕಾಂಪೌಂಡ್ ಗೋಡೆ ರಿಪೇರಿಗೆ ಬಂದ ಮೂರು ಕೊಟೇಶನ್ ನೋಡಲಾಯಿತು. 42,000 ರೂಪಾಯಿಯ ಕೊಟೇಶನ್‌ಗೆ ಒಪ್ಪಿಗೆ ಕೊಡಲಾಯಿತು. ಕಟ್ಟಡ ನಿಧಿಯಿಂದ ಖರ್ಚು. ಖಜಾಂಚಿ ಕೆಲಸ ನೋಡಿಕೊಂಡು ಮುಂದಿನ ಮೀಟಿಂಗಿಗೆ ಬಿಲ್ ತರಬೇಕು. ಇಬ್ಬರು ಸದಸ್ಯರು ಒಪ್ಪಲಿಲ್ಲ." ಅಷ್ಟೇ. ಯಾರು ಕೂಗಾಡಿದರು, ಯಾರು ಮೇಜು ಗುದ್ದಿದರು ಅನ್ನೋದು ಬೇಡ. ಒಪ್ಪದವರಿದ್ದರು ಅನ್ನೋದು ಮಾತ್ರ ಬೇಕು, ಯಾಕೆಂದರೆ ತಮ್ಮ ವಿರೋಧ ದಾಖಲಾಗಿದೆ ಅಂತ ಗೊತ್ತಾದರೆ ಅವರು ಹೊರಗೆ ಹೋಗಿ ಮಾತಾಡುವುದು ಕಡಿಮೆಯಾಗುತ್ತದೆ. ಮೀಟಿಂಗಿನಲ್ಲೇ ತೀರ್ಮಾನದ ವಾಕ್ಯ ಗಟ್ಟಿಯಾಗಿ ಓದಿ, "ಹೀಗೇ ಬರೆಯಲಾ?" ಅಂತ ಕೇಳಿ. ಅಲ್ಲೇ ಎಲ್ಲರೂ ಹೂಂ ಅಂದ ಮೇಲೆ ಮುಂದಿನ ವಿಷಯ. ಹಿಂದಿನ ಮೀಟಿಂಗಿನ ಮಿನಿಟ್ಸ್ ಓದಿ ಒಪ್ಪಿಗೆ ಆಗಿ ಅಧ್ಯಕ್ಷರ ಸಹಿ ಬೀಳದೆ ಹೊಸ ವಿಷಯ ಎತ್ತಿಕೊಳ್ಳಬೇಡಿ. ಕಾರ್ಯದರ್ಶಿಯ ನಿಜವಾದ ಶಕ್ತಿ ಇರುವುದು ಇಲ್ಲಿ. ಅಜೆಂಡಾ ಮಾಡುವವರು ನೀವು, ತೀರ್ಮಾನವನ್ನು ಮಾತಿನಲ್ಲಿ ಹಿಡಿದಿಡುವವರು ನೀವು. ಸ್ವರ ಏರಿಸುವ ಅಗತ್ಯವೇ ಇಲ್ಲ.

ಹಣದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಭಾನುವಾರ ಆರಾಧನೆ ಮುಗಿದ ತಕ್ಷಣ ಕಾಣಿಕೆ ಚೀಲ ಎಲ್ಲಿಗೆ ಹೋಗುತ್ತದೆ, ನಿಂತು ನೋಡಿ. ವೆಸ್ಟ್ರಿಯ ಮೇಜಿನ ಮೇಲೆ ಸುರಿದು, ಒಂದೇ ಮನೆಯವರಲ್ಲದ ಇಬ್ಬರು ಕೂತು, ಮಡಚಿದ ಹತ್ತರ ನೋಟು ಬಿಡಿಸಿ, ನಾಣ್ಯ ಬೇರೆ ಮಾಡಿ, ಐನೂರರದ್ದು ಎಷ್ಟು, ನೂರರದ್ದು ಎಷ್ಟು ಅಂತ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಕವರಿನಲ್ಲಿ ಬಂದ ಕೃತಜ್ಞತಾ ಕಾಣಿಕೆಗೆ ಹೆಸರು ಬರೆದುಕೊಂಡು ರಸೀದಿ. ಸೋಮವಾರ ಅದೇ ಮೊತ್ತ, ಒಂದು ರೂಪಾಯಿ ಆಚೀಚೆ ಇಲ್ಲದೆ ಬ್ಯಾಂಕಿಗೆ. ಕಾಣಿಕೆ ಹಣದಿಂದಲೇ ಹೂವಿನವರಿಗೆ, ಕರೆಂಟ್ ರಿಪೇರಿಯವರಿಗೆ ಕೊಟ್ಟು ಉಳಿದದ್ದನ್ನು ಕಟ್ಟುವ ಅಭ್ಯಾಸ ಬಹಳ ಕಡೆ ಇದೆ. ಕಳ್ಳತನ ಅಂತ ನಾನು ಹೇಳುವುದಿಲ್ಲ, ಬಹಳ ಸಲ ಕಳ್ಳತನ ಇರುವುದೂ ಇಲ್ಲ. ಆದರೆ ಲೆಕ್ಕ ಅಲ್ಲೇ ಕೆಡುತ್ತದೆ. ಚಿಲ್ಲರೆ ಖರ್ಚಿಗೆ ಬೇರೆ ಮೊತ್ತ ಇಟ್ಟು ಅದಕ್ಕೆ ವೋಚರ್ ಬರೆಸಿ.

ಈಗ ಎಲ್ಲ ಕಡೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಸ್ಕ್ಯಾನ್ ಮಾಡಿ ನೋಡಿ, ಹೆಸರು ಸಭೆಯದ್ದು ಬರುತ್ತದೋ ಖಜಾಂಚಿಯದ್ದೋ? ಖಜಾಂಚಿಯ ಸ್ವಂತ ಖಾತೆ ಆಗಿದ್ದರೆ ಇವತ್ತೇ ಕಿತ್ತುಹಾಕಿಸಿ. ಅವರು ಎಷ್ಟೇ ಪ್ರಾಮಾಣಿಕರಿರಲಿ, ನಾಳೆ ಅವರ ಆದಾಯ ತೆರಿಗೆಗೆ ಅದು ಕುತ್ತು, ನಾಡಿದ್ದು ಅವರ ಮರ್ಯಾದೆಗೆ.

ಇನ್ನು ಸುಗ್ಗಿ ಹಬ್ಬದ ಹರಾಜು. ಇದು ನನಗೆ ತುಂಬ ಇಷ್ಟದ ವಿಷಯ. ಒಂದು ಕುಂಬಳಕಾಯಿ, ಒಂದು ನಾಟಿ ಕೋಳಿ, ಒಂದು ಗೊನೆ ಬಾಳೆ. ಮೈಕ್ ಹಿಡಿದವರು ಹುರಿದುಂಬಿಸುತ್ತಾರೆ, ಇಬ್ಬರು ಪೈಪೋಟಿಗೆ ಬೀಳುತ್ತಾರೆ, ಕುಂಬಳಕಾಯಿ ಎರಡು ಸಾವಿರಕ್ಕೆ ಹೋಗುತ್ತದೆ, ಎಲ್ಲರೂ ಚಪ್ಪಾಳೆ. ಕಾಯಿ ಮನೆಗೆ ಹೋಯಿತು, ಹಣ "ಆಮೇಲೆ ಕೊಡ್ತೀನಿ". ವಾರ್ಷಿಕ ವರದಿಯಲ್ಲಿ ಹಬ್ಬದ ಆದಾಯ ದೊಡ್ಡದಾಗಿ ಕಾಣುತ್ತದೆ, ಬ್ಯಾಂಕಿನಲ್ಲಿ ಅಷ್ಟು ಇರುವುದಿಲ್ಲ. ಕೂಗಿದ ಮೊತ್ತ ಬೇರೆ, ಬಂದ ಮೊತ್ತ ಬೇರೆ. ಬಾಕಿ ಪಟ್ಟಿ ಅಂತ ಪ್ರತ್ಯೇಕ ಪುಟ ಇಡಿ, ವಸೂಲಿಗೆ ಒಬ್ಬರನ್ನು ಗೊತ್ತು ಮಾಡಿ. ಬಾಕಿ ಪಟ್ಟಿಯಲ್ಲಿ ಸಾಮಾನ್ಯವಾಗಿ ಯಾರ ಹೆಸರು ಮೇಲಿರುತ್ತದೆ ಅಂತ ನೀವೇ ನೋಡುತ್ತೀರಿ, ನಾನು ಹೇಳುವುದಿಲ್ಲ.

ಲೆಕ್ಕ ಕೇಳುವುದು ಅಪನಂಬಿಕೆ, ದೇವರ ಮನೆಯಲ್ಲಿ ಹಾಗೆ ಕೇಳಬಾರದು ಅಂತ ಯಾರಾದರೂ ಹಿರಿಯರು ಹೇಳಿಯೇ ಹೇಳುತ್ತಾರೆ. ಅವರಿಗೆ ಬೈಬಲಿನ 2 ಕೊರಿಂಥದ 8ನೇ ಅಧ್ಯಾಯ ತೋರಿಸಿ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲ ತಾನೊಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ತೀತನ ಜೊತೆ ಸಭೆಗಳೇ ಆರಿಸಿದ ಸಹೋದರನನ್ನೂ ಸೇರಿಸಿಕೊಂಡ. ಯಾರೂ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಕಾರಣವನ್ನೂ ಬರೆದ. ಅಪೊಸ್ತಲನಿಗೇ ಎರಡನೆಯವರ ಸಾಕ್ಷಿ ಬೇಕಾಗಿತ್ತು ಅಂದಮೇಲೆ ನಮ್ಮ ಖಜಾಂಚಿಯವರಿಗೆ ಬೇಡವೇ?

ಇನ್ನೊಂದು ಭಾಗ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ. ದಿನದ ಆಹಾರ ಹಂಚುವಾಗ ಗ್ರೀಕ್ ಭಾಷೆಯವರ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ಗೊಣಗಾಟ ಶುರುವಾಯಿತು. ಆಗ ಏಳು ಜನರನ್ನು ಆರಿಸಿದರು. ಆ ಏಳು ಹೆಸರು ಓದಿ ನೋಡಿ, ಸ್ತೆಫನನಿಂದ ನಿಕೊಲಾಯನವರೆಗೆ ಏಳೂ ಗ್ರೀಕ್ ಹೆಸರುಗಳೇ. ಅಂದರೆ ದೂರು ಕೊಟ್ಟ ಕಡೆಯವರ ಕೈಗೇ ಹಂಚುವ ಕೆಲಸ ಕೊಟ್ಟ ಹಾಗೆ ಕಾಣುತ್ತದೆ. ನಾಯಕತ್ವದ ಪಾಠ ಅಂತ ನನಗೆ ಇದಕ್ಕಿಂತ ದೊಡ್ಡದು ಗೊತ್ತಿಲ್ಲ. ನಿಮ್ಮಲ್ಲೂ ಪ್ರತಿ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಸರಿಯಿಲ್ಲ ಅನ್ನುವ ಒಬ್ಬರು ಇರುತ್ತಾರೆ, ಅಲ್ವಾ? ಕಾಣಿಕೆ ಎಣಿಸುವ ತಂಡಕ್ಕೆ ಮೊದಲು ಅವರನ್ನೇ ಸೇರಿಸಿ.

ಅಯ್ಯನವರ ಜೊತೆ ನಿಮ್ಮ ಸಂಬಂಧ. ಕಮಿಟಿಗೆ ಅಧ್ಯಕ್ಷರು ಅವರು. ಅವರು ಡಯಾಸಿಸ್ ಕಳಿಸಿದವರು, ಕೆಲವು ವರ್ಷಕ್ಕೆ ವರ್ಗವಾಗಿ ಹೋಗುವವರು. ನೀವು ಅದೇ ಊರಲ್ಲಿ ಇರುವವರು. ಈ ವ್ಯತ್ಯಾಸದಿಂದಲೇ ಅರ್ಧ ತಿಕ್ಕಾಟ ಹುಟ್ಟುತ್ತದೆ. ಊರಿನವರಿಗೆ "ಇವರು ಇವತ್ತಿದ್ದು ನಾಳೆ ಹೋಗುವವರು" ಅನ್ನೋ ಸದರ, ಅಯ್ಯನವರಿಗೆ "ಇವರು ಯಾರನ್ನೂ ಬಾಳಲು ಬಿಟ್ಟವರಲ್ಲ" ಅನ್ನೋ ಅನುಮಾನ. ಮೀಟಿಂಗಿಗೆ ಮೂರು ನಾಲ್ಕು ದಿನ ಮುಂಚೆ ಅಜೆಂಡಾ ಹಿಡಿದು ಅವರ ಮನೆಗೆ ಹೋಗಿ ಕೂತು ಮಾತಾಡಿ. ಮೀಟಿಂಗಿನಲ್ಲಿ ಅವರಿಗೆ ಯಾವುದೂ ಹೊಸದಾಗಿ ಕೇಳಿಸಬಾರದು. ಭಿನ್ನಾಭಿಪ್ರಾಯ ಇದ್ದರೆ ಆ ಕೋಣೆಯಲ್ಲೇ ಹೇಳಿ, ಸ್ತ್ರೀಯರ ಕೂಟದಲ್ಲಿ ಬೇಡ, ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಹಾಗೆಯೇ ಅವರ ವಾಸದ ಮನೆ ಸೋರುತ್ತಿದ್ದರೆ ಅವರು ಬಾಯಿಬಿಟ್ಟು ಕೇಳುವ ಮುಂಚೆ ನೀವೇ ಅಜೆಂಡಾಕ್ಕೆ ಹಾಕಿ. ಡಯಾಸಿಸ್‌ಗೆ ಕಟ್ಟಬೇಕಾದ ಪಾಲನ್ನು ಬಾಕಿ ಉಳಿಸಬೇಡಿ, ಅಯ್ಯನವರ ಸಂಬಳ ಬರುವುದು ಎಲ್ಲ ಸಭೆಗಳು ಕಟ್ಟುವ ಆ ಹಣದಿಂದ.

ಆಸ್ತಿ ಮತ್ತು ಕಾನೂನಿನ ಬಗ್ಗೆ ಚುಟುಕಾಗಿ. ಚರ್ಚ್ ಜಾಗ ನಿಮ್ಮ ಕಮಿಟಿಯದ್ದಲ್ಲ. ಸಿ.ಎಸ್.ಐ. ಆಸ್ತಿ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುತ್ತದೆ. ಮುಂದಿನ ಅಂಗಡಿ ಬಾಡಿಗೆ ಕರಾರು, ಮೂಲೆಯ ಸೈಟು ಲೀಸು, ಯಾವುದಕ್ಕೂ ಕಮಿಟಿ ತಾನೇ ಸಹಿ ಹಾಕಿದರೆ ಮುಂದೆ ಕೋರ್ಟೇ ಗತಿ. ಪಹಣಿ ಅಥವಾ ಖಾತೆಯಲ್ಲಿ ಯಾರ ಹೆಸರಿದೆ ಅಂತ ಒಂದು ಸಲ ತೆಗೆಸಿ ನೋಡಿ. ಹಳೇ ಮಿಷನ್ ಹೆಸರೇ ಉಳಿದಿದ್ದರೆ ಡಯಾಸಿಸ್‌ಗೆ ಲಿಖಿತವಾಗಿ ತಿಳಿಸಿ, ನಕಲು ಇಟ್ಟುಕೊಳ್ಳಿ. ವಿದೇಶದಲ್ಲಿರುವ ನಿಮ್ಮೂರಿನವರು ಹೊಸ ಬೆಂಚಿಗೆ ಹಣ ಕಳಿಸುತ್ತೇನೆ ಅಂದರೆ ಖುಷಿಪಡುವ ಮುಂಚೆ ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ದುಬೈಯಲ್ಲಿದ್ದರೂ ಭಾರತದ ಪೌರರಾಗಿ ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡ ಮಗ ಕಳಿಸಿದರೆ ವಿದೇಶಿ ದೇಣಿಗೆಯ ಕಾಯ್ದೆ, ಅಂದರೆ ಎಫ್.ಸಿ.ಆರ್.ಎ., ಬಂತು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ, ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗೂ ಇಲ್ಲ. ನೋಂದಣಿ ಇಲ್ಲದೆ ನಿಮ್ಮ ಸಭೆಯ ಖಾತೆಗೆ ನೇರವಾಗಿ ಹಾಕಿಸಿಕೊಳ್ಳಬೇಡಿ.

ಭಾನುವಾರ ಶಾಲೆಯ ಮಕ್ಕಳ ವಿಷಯ ಬೇರೆಯೇ ತೂಕದ್ದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯಲ್ಲಿ ಕಡ್ಡಾಯ. ಮುಚ್ಚಿಟ್ಟರೆ ಅದೇ ಅಪರಾಧ. "ಸಭೆಯ ಹೆಸರು ಹಾಳಾಗುತ್ತದೆ, ಒಳಗೇ ಮಾತಾಡಿ ಮುಗಿಸೋಣ" ಅನ್ನುವವರ ಜೊತೆ ಈ ಒಂದು ವಿಷಯದಲ್ಲಿ ಮೀಟಿಂಗೇ ಬೇಡ. ಒಬ್ಬರೇ ದೊಡ್ಡವರು ಮಕ್ಕಳ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಇರಬಾರದು, ಕ್ಯಾಂಪಿಗೆ ಹೋದರೆ ಪಾಲಕರ ಸಹಿ ಬೇಕು ಅನ್ನುವಂಥ ನಿಯಮಗಳನ್ನು ಮೊದಲೇ ಕಮಿಟಿಯಲ್ಲಿ ಪಾಸ್ ಮಾಡಿಸಿ. ಶಿಕ್ಷಕಿಯಾದ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಹಿರಿಯರು ಕಿವಿಗೊಡುವ ಪ್ರಶ್ನೆ. ಹೆಣ್ಣುಮಗಳು, ಅದೂ ವಯಸ್ಸಿನಲ್ಲಿ ಚಿಕ್ಕವಳು ಅಂತ ತಾತ್ಸಾರ ಇರಬಹುದು, ಇಲ್ಲ ಅನ್ನುವುದಿಲ್ಲ. ಸಿ.ಎಸ್.ಐ.ಯಲ್ಲಿ ಮೊದಲ ಮಹಿಳೆಗೆ ಗುರುದೀಕ್ಷೆ ಆಗಿದ್ದು 1976ರಲ್ಲಿ. ಮೊದಲ ಮಹಿಳಾ ಬಿಷಪರಾಗಿ ಪುಷ್ಪ ಲಲಿತಾ ಅವರು ನಂದ್ಯಾಲ ಡಯಾಸಿಸ್‌ಗೆ ಬಂದಿದ್ದು 2013ರಲ್ಲಿ. ಮೇಲೆ ಬಾಗಿಲು ತೆರೆದು ಇಷ್ಟು ವರ್ಷವಾದರೂ ಕೆಳಗೆ ಪಾಸ್ಟರೇಟ್ ಕಮಿಟಿಯಲ್ಲಿ ಟೀ ಬಿಸ್ಕತ್ತಿನ ಹೊಣೆ ಹೆಂಗಸರಿಗೇ ಬರುತ್ತದೆ. ಟೀ ವ್ಯವಸ್ಥೆಗೆ ಸರದಿ ಪಟ್ಟಿ ಮಾಡಿ, ಮೊದಲ ಹೆಸರು ಖಜಾಂಚಿಯವರದ್ದು ಹಾಕಿ. ನಗುತ್ತಲೇ ಹಾಕಿ.

ಹಿರಿಯರಲ್ಲಿ ಇಬ್ಬರು ಮೂವರನ್ನು ಒಬ್ಬೊಬ್ಬರಾಗಿ ಮನೆಗೆ ಹೋಗಿ ಭೇಟಿಯಾಗಿ. ಸ್ಮಶಾನದಲ್ಲಿ ಯಾರ ಮನೆತನದ ಸಮಾಧಿ ಎಲ್ಲಿದೆ, ಯಾವ ಜಾಗದ ಬಗ್ಗೆ ಹಿಂದೆ ತಕರಾರು ಆಗಿತ್ತು, ಹಳೇ ಗಂಟೆ ಯಾರು ಕೊಟ್ಟಿದ್ದು, ಇಂಥದ್ದನ್ನೆಲ್ಲ ಕೇಳಿ ಬರೆದುಕೊಳ್ಳಿ. ರಿಜಿಸ್ಟರಿನಲ್ಲಿ ಇಲ್ಲದ ಬಹಳಷ್ಟು ಅವರ ತಲೆಯಲ್ಲಿದೆ. ಕೇಳಿದ್ದಕ್ಕೇ ಅವರಿಗೆ ಸಮಾಧಾನ, ನಿಮಗೆ ಮಾಹಿತಿ. ಆಮೇಲೆ ಮೀಟಿಂಗಿನಲ್ಲಿ ಮಾತು ಬಂದಾಗ "ನಿಯಮ ಇಷ್ಟನೇದು ಹೀಗೆ ಹೇಳುತ್ತದೆ, ಹಿಂದಿನ ಮಿನಿಟ್ಸ್‌ನಲ್ಲಿ ಹೀಗಿದೆ" ಅಂತ ಪುಟ ತೆಗೆದು ಮುಂದಿಡಿ. ನಿಮ್ಮ ಅಭಿಪ್ರಾಯ ಆಮೇಲೆ ಹೇಳಿ. ಎರಡು ಮೂರು ಮೀಟಿಂಗ್ ಹೀಗೆ ನಡೆದರೆ, ನಾಲ್ಕನೆಯದರಲ್ಲಿ "ಟೀಚರ್, ಪುಸ್ತಕದಲ್ಲಿ ಏನಿದೆ ನೋಡಿ" ಅಂತ ಅವರೇ ನಿಮ್ಮ ಕಡೆ ತಿರುಗುತ್ತಾರೆ.

ಯೌವನಸ್ಥರ ಕೂಟದಿಂದ ಕಂಪ್ಯೂಟರ್ ಗೊತ್ತಿರುವ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಸದಸ್ಯರ ಪಟ್ಟಿ, ಚಂದಾ ಲೆಕ್ಕ, ಬಾಕಿ ಪಟ್ಟಿ ಅವರು ಟೈಪ್ ಮಾಡಲಿ. ಆದರೆ ಸಭೆಯ ಇಮೇಲ್ ಖಾತೆ ಸಭೆಯ ಹೆಸರಿನಲ್ಲೇ ಇರಲಿ, ಪಾಸ್‌ವರ್ಡ್ ಸೀಲು ಮಾಡಿದ ಕವರಿನಲ್ಲಿ ಅದೇ ವೆಸ್ಟ್ರಿ ಬೀರುವಿನಲ್ಲಿರಲಿ. ಬೀರುವಿನ ಎರಡನೇ ಕೀಲಿ ಅಯ್ಯನವರ ಹತ್ತಿರ.